ಎಲ್ಲಿಡ್ಲಿ ಅಣ್ಣಾ?

ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದರೆ ದಿನಾ ಒಬ್ಬ ಹುಡುಗ ಸಿಗುತ್ತಾನೆ. ಹನ್ನೊಂದೋ ಹನ್ನೆರಡೋ ವರ್ಷ. ರಾತ್ರಿಯೆಲ್ಲ ಆಯ್ದ ಬಾಟಲಿ, ರಟ್ಟು ಗುಜರಿಗೆ ಹಾಕಿ, ಖಾಲಿ ಚೀಲ ಹೆಗಲಿಗೆ ಸುತ್ತಿಕೊಂಡು ತಳ್ಳುಗಾಡಿ ಹತ್ತಿರ ಬರುತ್ತಾನೆ. ಜೊತೆಗೆ ಇನ್ನಿಬ್ಬರು. ಮೂರು ಪ್ಲೇಟ್ ಇಡ್ಲಿ, ದುಡ್ಡು ಇವನದೇ. ಮಿಕ್ಕಿದ್ದು ಸಿನಿಮಾಕ್ಕೆ. ಸಂಜೆಗೆ ಕೈ ಖಾಲಿ.

ಒಂದು ದಿನ ಸುಮ್ನಿರಲಾರದೆ ಬುದ್ಧಿ ಹೇಳೋಕೆ ಹೋದೆ. 'ಎಲ್ಲಾ ಖರ್ಚು ಮಾಡ್ಬಿಡ್ತೀಯಲ್ಲೋ, ಸ್ವಲ್ಪ ಇಟ್ಕೋಬಾರ್ದಾ?'

'ಎಲ್ಲಿಡ್ಲಿ ಅಣ್ಣಾ?'

ನನಗೆ ನಿದ್ದೆಗಣ್ಣು. ಇಡ್ಲಿ ಅಂತ ಕೇಳಿಸಿ ಗಾಡಿ ಕಡೆ ಕೈ ತೋರಿಸಿದೆ. ಮೂವರೂ ಬಿದ್ದು ಬಿದ್ದು ನಕ್ಕರು.

ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು. ಹೌದಲ್ವಾ, ಎಲ್ಲಿಡಬೇಕು? ಜೇಬಲ್ಲಿಟ್ಟು ಮಲಗಿದರೆ ದೊಡ್ಡ ಹುಡುಗರು ಬ್ಲೇಡಲ್ಲಿ ಜೇಬೇ ಕೊಯ್ಯುತ್ತಾರೆ. ಗುಜರಿಯವನ ಹತ್ತಿರ ಇಟ್ಟರೆ ಅವನು ಹೇಳಿದ್ದೇ ಲೆಕ್ಕ, ಆಮೇಲೆ ಬೇರೆ ಅಂಗಡಿಗೆ ಮಾಲು ಹಾಕೋ ಹಾಗೂ ಇಲ್ಲ. 10 ವರ್ಷ ದಾಟಿದ ಮಕ್ಕಳು ತಾವೇ ಬ್ಯಾಂಕ್ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಆದರೆ ಪ್ಲಾಟ್‌ಫಾರ್ಮಿನಲ್ಲಿ ಮಲಗುವವನು ವಿಳಾಸ ಅಂತ ಏನು ಬರೆಯಬೇಕು? ದೆಹಲಿಯಲ್ಲಿ ಬಟರ್‌ಫ್ಲೈಸ್ ಅನ್ನುವ ಸಂಸ್ಥೆ 2001ರಲ್ಲಿ ಬೀದಿ ಮಕ್ಕಳಿಗಾಗಿಯೇ ಒಂದು ಬ್ಯಾಂಕ್ ಶುರು ಮಾಡಿತು, ಅಲ್ಲಿ ಮ್ಯಾನೇಜರ್ ಕೂಡ ಮಕ್ಕಳೇ. ನಮ್ಮೂರಲ್ಲಿ ನಾವು ಈ ಮಕ್ಕಳಿಗೆ 'ದುಡ್ಡಿನ ಬೆಲೆ ಗೊತ್ತಿಲ್ಲ' ಅಂದು ಸುಮ್ಮನಾಗುತ್ತೇವೆ.

ಗೊತ್ತಿಲ್ಲದೆ ಏನು! ಇಬ್ಬರಿಗೆ ಇಡ್ಲಿ ಕೊಡಿಸಿದ್ದು ಖರ್ಚಲ್ಲ, ಮದುವೆ ಮನೆಯಲ್ಲಿ ನಾವು ಬರೆಸುವ ಮುಯ್ಯಿ ಇದ್ದಂತೆ. ನಾಳೆ ಇವನಿಗೆ ಜ್ವರ ಬಂದರೆ ಅವರು ತಿನ್ನಿಸುತ್ತಾರೆ, ಮಲಗುವಾಗ ಒಬ್ಬ ಎದ್ದು ಕೂತು ಉಳಿದಿಬ್ಬರನ್ನು ಕಾಯುತ್ತಾನೆ. ಹೆಸರು ಕೇಳಿದರೆ ದಿನಕ್ಕೊಂದು ಹೇಳುತ್ತಾರೆ, ಅದೂ ಲೆಕ್ಕಾಚಾರವೇ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು ಅಂತ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಕಾನೂನು ಇರುವುದು ಕಾಪಾಡೋಕೇ. ಆದರೆ ಸಮಿತಿ ಕಳಿಸಬಹುದಾದ ಬಾಲಮಂದಿರ, ಅಂದರೆ 'ಹೋಮ್', ಈ ಹುಡುಗರ ಕಿವಿಗೆ ಬೀಗ.

ದುಡ್ಡೆಲ್ಲ ಇಡ್ಲಿಗೇ ಹೋಗುತ್ತೆ ಅಂತ ನಾನೇನೂ ಹೇಳಲ್ಲ. ಪಂಕ್ಚರ್ ಸೊಲ್ಯೂಷನ್ ಬಟ್ಟೆಗೆ ಹಾಕಿ ಮೂಸುವುದನ್ನೂ ನೋಡಿದ್ದೇನೆ. ಚಳಿ ಗೊತ್ತಾಗಲ್ಲ ಅಂತಾರೆ. ಡಿಸೆಂಬರಿನಲ್ಲಿ ಸ್ವೆಟರ್ ಹಾಕಿಕೊಂಡು ನಿಂತು ಅದಕ್ಕೆ ಏನು ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ.

ಕಳೆದ ವಾರ ಟೀ ಕುಡಿದಾದ ಮೇಲೆ ನೋಡಿದರೆ ನನ್ನ ಫೋನ್ ಆಫ್, ಜೇಬಲ್ಲಿ ಒಂದು ರೂಪಾಯಿ ಇಲ್ಲ. ಟೀ ಅಂಗಡಿಯವನು ಗುರಾಯಿಸುತ್ತಿದ್ದ. ಹುಡುಗ ಪಕ್ಕದಿಂದ ಕೈ ಚಾಚಿ ಚಿಲ್ಲರೆ ಇಟ್ಟುಬಿಟ್ಟ. ಮರುದಿನ ವಾಪಸ್ ಕೊಡೋಕೆ ಹೋದರೆ ತಗೊಳ್ಳಲಿಲ್ಲ.

'ನಿನ್ ಹತ್ರನೇ ಇರ್ಲಿ ಅಣ್ಣಾ' ಅಂದ.