ಆ ಕದಿರಿನ ತೂಕ ಎಷ್ಟು?

ನಿನ್ನೆಯಿಂದ ಒಂದು ವಿಡಿಯೊ ಎಲ್ಲರ ಗೋಡೆಯ ಮೇಲೂ ಓಡಾಡುತ್ತಿದೆ. ದಪ್ಪ ಮರದ ಬಿಲ್ಲೆಯ ಕದಿರನ್ನು, ಅಂದರೆ ತಿರುಗಿಸಿ ನೂಲು ತೆಗೆಯುವ ಕಡ್ಡಿಯನ್ನು, ಗಾಳಿಯಲ್ಲಿ ಇಳಿಬಿಟ್ಟು, ಮೆಡಿಕಲ್ ಶಾಪಿನ ಹತ್ತಿಯಿಂದ ನೂಲು ತೆಗೆಯಲು ನೋಡುತ್ತಾರೆ. ಎಳೆ ಹರಿಯುತ್ತದೆ, ಕದಿರು ನೆಲಕ್ಕೆ ಬೀಳುತ್ತದೆ, ಸುತ್ತಲಿದ್ದವರು ನಗುತ್ತಾರೆ. ಕೊನೆಗೆ 'ಪಾಪ, ಹಿಂದಿನವರು ಇದರಲ್ಲೇ ಒದ್ದಾಡಿದರು' ಅಂತ ತೀರ್ಪು. ನೂಲಿನ ವಿಷಯಕ್ಕೆ ನನಗೆ ಸಿಟ್ಟು ಬೇಗ ಬರುತ್ತದೆಂದು ನಿಮಗೆಲ್ಲ ಗೊತ್ತು. ಈ ಸಲ ಒಂದೇ ಪ್ರಶ್ನೆ: ಆ ಕದಿರಿನ ತೂಕ ಎಷ್ಟು?

ಅದು ಉಣ್ಣೆಯ ಕದಿರು. ಅಂಥವು ಸಾಮಾನ್ಯವಾಗಿ 30ರಿಂದ 80 ಗ್ರಾಂ ತೂಗುತ್ತವೆ. ಉಣ್ಣೆಯ ಎಳೆ ಉದ್ದ, ಮೈಯೆಲ್ಲ ಪೊರೆ, ಒಂದನ್ನೊಂದು ಕಚ್ಚಿಕೊಂಡು ಆ ಭಾರ ತಡೆಯುತ್ತದೆ. ನಾಟಿ ಹತ್ತಿಯ ಎಳೆ 20–25 ಮಿಲಿಮೀಟರ್, ನುಣುಪು ಬೇರೆ. ಹುರಿ (ತಿರುಚು) ಕೂರುವ ಮೊದಲೇ ಅದಕ್ಕೆ 60 ಗ್ರಾಂ ನೇತುಹಾಕಿದರೆ ಹರಿಯದೆ ಇನ್ನೇನಾಗುತ್ತದೆ? ಮೆಡಿಕಲ್ ಹತ್ತಿಯಂತೂ ನೂಲುವುದಕ್ಕೇ ಅಲ್ಲ. ಅದನ್ನು ಕುದಿಸಿ, ಬಿಳಿಚಿಸಿ ಎಳೆಯ ಮೇಲಿನ ಮೇಣ ತೆಗೆದಿರುತ್ತಾರೆ. ಹೆಚ್ಚಿನಂಶ ತುಂಡು ಎಳೆಗಳೇ ಇರುವುದರಿಂದ ಎಳೆದರೆ ಮುದ್ದೆಮುದ್ದೆಯಾಗಿ ಕಿತ್ತುಬರುತ್ತದೆ.

ಹತ್ತಿಗೆ ಬೇಕಾದದ್ದು ತಕಲಿ ಎಂಬ ಹಗುರ ಕದಿರು. ಸುಮಾರು 18 ಸೆಂಟಿಮೀಟರಿನ ಲೋಹದ ಕಡ್ಡಿ, ತುದಿಯಲ್ಲಿ ಕೊಕ್ಕೆ, ಕೆಳಗೆ ಎರಡೂವರೆ ಸೆಂಟಿಮೀಟರ್ ಅಗಲದ ಹಿತ್ತಾಳೆ ಬಿಲ್ಲೆ, ಒಟ್ಟು 20 ಗ್ರಾಂ ಆಸುಪಾಸು. ಬಿಲ್ಲೆ ಚಿಕ್ಕದಿದ್ದಷ್ಟೂ ತೂಕ ನಡುವಿನ ಕಡ್ಡಿಯ ಹತ್ತಿರ ಇರುತ್ತದೆ, ಹಾಗಾಗಿ ಬೇಗ ತಿರುಗುತ್ತದೆ. ಗಿಡ್ಡ ಎಳೆಗೆ ಬೇಕಾದದ್ದು ಆ ವೇಗವೇ. ಅಗಲ ಬಿಲ್ಲೆ ನಿಧಾನವಾಗಿ, ತುಂಬ ಹೊತ್ತು ತಿರುಗುತ್ತದೆ, ಅದು ಉಣ್ಣೆಗೆ ಸರಿ.

ತಕಲಿಯನ್ನು ಇಳಿಬಿಡದಿರುವುದೇ ಒಳ್ಳೆಯದು. ಮೊನೆಯನ್ನು ಕರಟದಲ್ಲೋ ಬಟ್ಟಲಲ್ಲೋ ಊರಬೇಕು, ಆಗ ಭಾರವೆಲ್ಲ ಕರಟದ್ದು. ಬಿಲ್ಲೆಯ ಮೇಲೆ ಒಂದು ಗೇಣು ದಾರ ಕಟ್ಟಿ, ಕಡ್ಡಿಗೆ ಸುತ್ತಿಸುತ್ತಿ ಕೊಕ್ಕೆಗೆ ಸಿಕ್ಕಿಸಿ, ಅದರ ತುದಿಯನ್ನು ಹಂಜಿಗೆ (ಹಿಂಜಿದ ಹತ್ತಿಯ ಸುರುಳಿಗೆ) ತಾಗಿಸಿ ಹುರಿ ಕೊಡಬೇಕು. ಬಲಗೈ ಬೆರಳುಗಳಿಂದ ಚಿಟಕಿ ಹೊಡೆದ ಹಾಗೆ ತಿರುಗಿಸಿ, ಹಂಜಿ ಹಿಡಿದ ಎಡಗೈಯನ್ನು ಒಂದೇ ಸಮನೆ ಮೇಲಕ್ಕೆ ಒಯ್ಯಬೇಕು. ಇಲ್ಲೇ ಎಲ್ಲರೂ ಎಡವುವುದು. ಹಂಜಿಯನ್ನು ಅದುಮಿ ಹಿಡಿದರೆ ಎಳೆ ಜಾರುವುದಿಲ್ಲ, ನೂಲು ಹರಿಯುತ್ತದೆ. ಕೈ ನಿಂತರೆ ಹುರಿ ಹಂಜಿಯೊಳಗೇ ನುಗ್ಗಿ ಗಂಟಾಗುತ್ತದೆ. ಕೈ ಓಡಿದರೆ ಹುರಿ ಸಾಲದೆ ನೂಲು ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ತೋಳುದ್ದ ಬಂದ ಮೇಲೆ ಎಳೆಯುವುದನ್ನು ನಿಲ್ಲಿಸಿ ಇನ್ನೊಂದಿಷ್ಟು ಹುರಿ ಕೊಡಿ, ಆಮೇಲೆ ಕಡ್ಡಿಗೆ ಸುತ್ತಿ. ಹುರಿ ಸಾಕೋ ಇಲ್ಲವೋ ಎಂದು ನೋಡಲು ನೂಲನ್ನು ಸ್ವಲ್ಪ ಸಡಿಲ ಬಿಡಿ. ತಾನೇ ಮಡಚಿ ಹೆಣೆದುಕೊಂಡರೆ ಸಾಕು.

'ರಾಟೆ ಬಂದ ಮೇಲೆ ಇದೆಲ್ಲ ಯಾಕೆ?' ಅನ್ನುತ್ತೀರಿ. ರಾಟೆ ವೇಗ, ಒಪ್ಪಿದೆ. 12ನೇ ಶತಮಾನದ ಕದಿರ ರೆಮ್ಮವ್ವೆಯ ವಚನದಲ್ಲೇ ರಾಟೆ ಇದೆ, ಅದೂ ಸರಿ. ಆದರೆ ಆ ರಾಟೆಯಲ್ಲೂ ನೂಲಿಗೆ ಹುರಿ ಬೀಳುವುದು ಕದಿರಿನಲ್ಲೇ. ರೆಮ್ಮವ್ವೆಗಿಂತ ಮೂರು ಸಾವಿರ ವರ್ಷ ಮೊದಲೇ ಮೊಹೆಂಜೊದಾರೊದಲ್ಲಿ ಹತ್ತಿ ಬಟ್ಟೆ ಇತ್ತು, ಸುಟ್ಟ ಮಣ್ಣಿನ ಕದಿರು ಬಿಲ್ಲೆಗಳೂ ಸಿಕ್ಕಿವೆ. ಬಲು ತೆಳು ಹತ್ತಿ ಬಟ್ಟೆಯಾದ ಢಾಕಾ ಮಸ್ಲಿನ್‌ನ ಅತಿ ನಯವಾದ ನೂಲು ಕೂಡ ರಾಟೆಯದ್ದಲ್ಲ. ಸೂಜಿಯಂಥ ತೆಳು ಕದಿರಿಗೆ ಜೇಡಿಮಣ್ಣಿನ ಪುಟ್ಟ ಉಂಡೆ ಮೆತ್ತಿ, ಮೊನೆಯನ್ನು ಚಿಪ್ಪಿನ ಚೂರಿನ ಮೇಲೆ ಊರಿ ಹೆಂಗಸರು ನೂಲುತ್ತಿದ್ದರು, ಅದೂ ಗಾಳಿಯಲ್ಲಿ ತೇವ ಇರುವ ಬೆಳಗು ಸಂಜೆ ಹೊತ್ತಿನಲ್ಲಿ. ಒಣಗಾಳಿಯಲ್ಲಿ ಎಳೆ ಗಡುಸಾಗಿ ಹರಿಯುತ್ತದೆ. ಅಲ್ಲಿದ್ದ ವೈದ್ಯ ಜೇಮ್ಸ್ ಟೇಲರ್ 1846ರಲ್ಲಿ ತನ್ನೆದುರೇ ಅಳೆಸಿದ ಲಡಿಯ (ನೂಲಿನ ಕಟ್ಟಿನ) ಲೆಕ್ಕದಲ್ಲಿ, ಒಂದು ಪೌಂಡ್ ಹತ್ತಿಗೆ 250 ಮೈಲಿಗೂ ಹೆಚ್ಚು ನೂಲು! ಅಷ್ಟು ತೆಳು ಎಳೆ ತಡೆದದ್ದು ಕದಿರು ಅಷ್ಟು ಹಗುರ ಇದ್ದದ್ದರಿಂದ.

ಇಷ್ಟಾದರೂ ಆನ್‌ಲೈನ್‌ನಲ್ಲಿ ಕದಿರು ಮಾರುವ ಎಷ್ಟೋ ಜನ ಮರ ಯಾವುದು, ಪಾಲಿಷ್ ಯಾವುದು ಅಂತೆಲ್ಲ ಬರೆದು ಗ್ರಾಂ ಮಾತ್ರ ಬರೆಯುವುದಿಲ್ಲ. ಮ್ಯೂಸಿಯಂಗಳಲ್ಲಿ 'ಮಣ್ಣಿನ ಬಿಲ್ಲೆ' ಎಂದಷ್ಟೇ ಚೀಟಿ ಅಂಟಿಸಿ ಬಿಡುತ್ತಾರೆ. ತೂಕ, ಅಗಲ, ನಡುವಿನ ತೂತಿನ ಅಳತೆ ಬರೆದಿದ್ದರೆ, ಅದರಿಂದ ದಪ್ಪ ನೂಲು ಬರುತ್ತಿತ್ತೋ ತೆಳುವೋ ಎಂದು ನೂಲುವವರು ಅಂದಾಜು ಮಾಡಬಹುದಿತ್ತು.

ಆ ವಿಡಿಯೊ ಮಾಡಿದವರಿಗೆ ನನ್ನ ಕೋರಿಕೆ ಇಷ್ಟೇ. 20 ಗ್ರಾಂ ತಕಲಿ, ಖಾದಿ ಕೇಂದ್ರದ ಹಂಜಿ, ಒಂದು ಕರಟ ಇಟ್ಟುಕೊಂಡು ಇನ್ನೊಮ್ಮೆ ಕೂತು ನೂತು ತೋರಿಸಿ. ಹಂಜಿ ಸಿಗದಿದ್ದರೆ ಅರಳೆಯನ್ನು ಚೆನ್ನಾಗಿ ಹಿಂಜಿ, ಪೆನ್ಸಿಲ್‌ಗೆ ಸಡಿಲವಾಗಿ ಸುತ್ತಿ, ಪೆನ್ಸಿಲ್ ಜಾರಿಸಿ ತೆಗೆದರೂ ಆಗುತ್ತದೆ.