ಕುದುರೆಯ ಎಡಮಗ್ಗುಲು

ನ್ಯೂಯಾರ್ಕಿನಲ್ಲಿ ಬ್ರೂಕ್ಲಿನ್ ಸೇತುವೆಯ ಹತ್ತಿರ, ನದಿಯ ದಂಡೆಯ ಮೇಲೆ, ಪಾರದರ್ಶಕ ಗೋಡೆಗಳ ಮಂಟಪವೊಂದರಲ್ಲಿ 48 ಮರದ ಕುದುರೆಗಳು ಸುತ್ತುತ್ತವೆ. ಜೇನ್ಸ್ ಕ್ಯಾರೊಸೆಲ್ ಎಂದು ಅದರ ಹೆಸರು; ಕ್ಯಾರೊಸೆಲ್ ಎಂದರೆ ಮಕ್ಕಳನ್ನು ಕೂರಿಸಿಕೊಂಡು ಸಾಲುಸಾಲು ಮರದ ಕುದುರೆಗಳು ಸುತ್ತುವ ಜಾತ್ರೆಯ ತಿರುಗಾಟಿಕೆ. ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹೊರಸಾಲಿನ ಗಂಭೀರವಾದ ದೊಡ್ಡ ಕುದುರೆಯನ್ನು ನಾನು ತೋರಿಸಿದರೆ ಅವಳು ಅದರತ್ತ ತಿರುಗಿಯೂ ನೋಡಲಿಲ್ಲ. ಒಳಸಾಲಿನಲ್ಲಿ ಮೇಲೆ ಕೆಳಗೆ ಕುಣಿಯುವ ಚಿಕ್ಕ ಕುದುರೆಯೇ ಬೇಕೆಂದು ಹಟ ಹಿಡಿದಳು. ಏರಿ ಕುಳಿತವಳು ಎರಡು ಸುತ್ತಿನ ಹೊತ್ತಿಗೆ ನನ್ನನ್ನು ಕೇಳಿದಳು: "ಅಜ್ಜ, ಈ ಕಡೆ ಅಲಂಕಾರವೇ ಇಲ್ಲವಲ್ಲ?"

ನೋಡಿದೆ. ಹೌದು. ಕುದುರೆಯ ಬಲಮಗ್ಗುಲಿನಲ್ಲಿ ಕೇಸರ ಗಾಳಿಗೆ ಹಾರಿದಂತೆ ಎಳೆಎಳೆಯಾಗಿ ಬಿಡಿಸಿಕೊಂಡಿದೆ. ಜೀನಿನ ಕೆಳಗಿನ ಬಟ್ಟೆಗೆ ಮಡಿಕೆಗಳು ಬಿದ್ದಿವೆ. ಎಡಮಗ್ಗುಲಿಗೆ ಬಂದರೆ ಕುತ್ತಿಗೆ ನುಣ್ಣಗಿದೆ, ಪಟ್ಟಿ ಬರೀ ಪಟ್ಟಿಯಾಗಿದೆ. ಒಂದೇ ಕುದುರೆ, ಎರಡು ದರ್ಜೆಯ ಕೆಲಸ.

ಆ ಕಸುಬಿನವರು ಸಿಂಗಾರದ ಮಗ್ಗುಲನ್ನು ರೊಮ್ಯಾನ್ಸ್ ಸೈಡ್ ಎನ್ನುತ್ತಾರೆ. ಅಮೆರಿಕದ ಕ್ಯಾರೊಸೆಲ್‌ಗಳು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಹಾಗಾಗಿ ಹೊರಗೆ ನಿಂತು ನೋಡುವವರಿಗೆ ಕಾಣುವುದು ಕುದುರೆಯ ಬಲಮೈ. ಇಂಗ್ಲೆಂಡಿನಲ್ಲಿ ಇದು ತಿರುಗುಮುರುಗು: ಅಲ್ಲಿ ಪ್ರದಕ್ಷಿಣೆ, ಅಲಂಕಾರವೆಲ್ಲ ಎಡಮೈಗೆ. ನಿಜವಾದ ಕುದುರೆಯನ್ನು ಏರುವುದು ಎಡಗಡೆಯಿಂದಲೇ ತಾನೇ, ಮರದ್ದಕ್ಕೂ ಅದೇ ಮರ್ಯಾದೆ.

ಅಮೆರಿಕದವರು ಎಡಮೈಯನ್ನು ಸಪ್ಪೆ ಬಿಟ್ಟದ್ದನ್ನು ಮೋಸವೆಂದು ಹೇಳುವವರನ್ನು ನಾನು ನೋಡಿದ್ದೇನೆ. ನಮ್ಮೂರ ಆಚಾರರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ನಾನು ಹುಡುಗನಾಗಿದ್ದಾಗ ಅವರು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹಲಸಿನ ಮರದ ಕಪಾಟು ಮಾಡಿದರು. ಮುಂದೆ ಬಳ್ಳಿ, ಗಿಳಿ ಎಲ್ಲ ಬಂತು. ಹಿಂದಿನ ಹಲಗೆಗೆ ಹತ್ತರಿಯನ್ನೂ ಸರಿಯಾಗಿ ಹೊಡೆದಿರಲಿಲ್ಲ. ಅಜ್ಜಿ ಆಕ್ಷೇಪಿಸಿದಾಗ ಅವರು ಉಳಿ ಕೆಳಗಿಡದೆ ಕೇಳಿದ್ದು ಒಂದೇ ಮಾತು: "ಅಮ್ಮಾ, ಗೋಡೆಗೆ ಕಣ್ಣಿದೆಯೇ?" ಅದೇ ಆಚಾರರು ದೇವಸ್ಥಾನದ ಕುದುರೆ ವಾಹನವನ್ನು ದುರಸ್ತಿ ಮಾಡಿದಾಗ ಎರಡೂ ಮಗ್ಗುಲಿಗೆ ಒಂದೇ ಶ್ರದ್ಧೆ. ರಥಬೀದಿಯ ಎರಡೂ ಬದಿಗೆ ಮನೆಗಳಿವೆಯಲ್ಲ.

ಕಣ್ಣು ಎಲ್ಲಿದೆಯೋ ಅಲ್ಲಿಗೆ ಉಳಿ ಹೋಗುತ್ತದೆ. ಈ ಕುದುರೆಗಳ ಇಡೀ ವಿನ್ಯಾಸ ಆ ಲೆಕ್ಕದ ಮೇಲೆಯೇ ನಿಂತಿದೆ. ಹೊರಸಾಲಿನವು ದೊಡ್ಡವು, ಹೆಚ್ಚು ಕೆತ್ತನೆಯವು, ಸಾಮಾನ್ಯವಾಗಿ ಕಾಲೂರಿ ನಿಂತವು. ಒಳಗೆ ಹೋದಂತೆ ಕುದುರೆ ಚಿಕ್ಕದಾಗುತ್ತದೆ, ಕೆತ್ತನೆ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಸುಂದರವಾದ ಕುದುರೆ ಅಲ್ಲಾಡದೆ ನಿಂತಿರುತ್ತದೆ, ಮಕ್ಕಳು ಓಡುವುದು ಕುಣಿಯುವ ಬಡಪಾಯಿಯ ಕಡೆಗೆ. ಹೊರಸಾಲು ಇರುವುದು ದಾರಿಹೋಕರನ್ನು ನಿಲ್ಲಿಸಲು, ಟಿಕೆಟ್ ಕೊಳ್ಳುವಂತೆ ಮಾಡಲು. ಅದನ್ನು ಜಾಹೀರಾತು ಎಂದರೂ ತಪ್ಪಿಲ್ಲ.

ಕುದುರೆ ಒಂದೇ ದಿಮ್ಮಿಯಲ್ಲಿ ಕಡೆದದ್ದೆಂದು ನಾನು ತಿಳಿದಿದ್ದೆ. ಅಂಥವೂ ಇವೆ, ರೋಡ್ ಐಲೆಂಡಿನ ವಾಚ್ ಹಿಲ್‌ನಲ್ಲಿ ಸರಪಳಿಗೆ ತೂಗುಬಿದ್ದ ಹಳೆಯ ಕುದುರೆಗಳು ಇಡೀ ಮರದವು. ಆದರೆ ಮುಂದಿನ ಕಾಲದ ಕುದುರೆಯ ಹೊಟ್ಟೆ ಪೊಳ್ಳು. ಬಾಸ್‌ವುಡ್ ಎಂಬ ಮೃದುವಾದ, ನುಣುಪು ಎಳೆಯ ಮರದ ಹಲಗೆಗಳನ್ನು ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟಿನಿಂದ ಜೋಡಿಸಿ ಪೆಟ್ಟಿಗೆ ಮಾಡುತ್ತಿದ್ದರು. ಇಡೀ ದಿಮ್ಮಿಯಾದರೆ ಒಣಗಿದಂತೆ ಸೀಳುತ್ತದೆ, ಭಾರವೂ ಹೆಚ್ಚು. ತಲೆ, ಕುತ್ತಿಗೆ, ಕಾಲು ಎಲ್ಲ ಬೇರೆ ಬೇರೆ ತುಂಡು. ಕಾಲಿನದೇ ದೊಡ್ಡ ತಲೆನೋವು. ಮರದ ಎಳೆ ಕಾಲಿನ ಉದ್ದಕ್ಕೆ ಹರಿದರೆ ಗಟ್ಟಿ, ಅಡ್ಡ ಬಂದರೆ ಮಗು ಒದ್ದರೂ ಮುರಿಯುತ್ತದೆ. ಮಡಿಸಿದ ಕಾಲಿನಲ್ಲಿ ಎಳೆ ಎಲ್ಲಾದರೊಂದು ಕಡೆ ಅಡ್ಡ ಬಂದೇ ಬರುತ್ತದೆ. ಅದಕ್ಕೇ ಮೊಣಕಾಲಿನ ಬಳಿ ಇನ್ನೊಂದು ತುಂಡು, ಮತ್ತೊಂದು ಬೆಸುಗೆ. ಒರಟು ಕೆಲಸ, ಮೈ ಮತ್ತು ಕಾಲುಗಳು ಕಿರಿಯರ ಪಾಲಿಗೆ. ತಲೆ ಮಾತ್ರ ಹಿರಿಯ ಕೆತ್ತನೆಗಾರನ ಪಾಲಿಗೆ. ಗಾಜಿನ ಕಣ್ಣು ಕೂರಿಸಿ, ಅದರ ಸುತ್ತ ರೆಪ್ಪೆಯನ್ನು ಹೇಗೆ ತಿದ್ದುತ್ತಾನೆಂಬುದರ ಮೇಲೆ ಕುದುರೆ ಬೆದರಿದೆಯೋ, ಸೊಕ್ಕಿದೆಯೋ, ಸುಮ್ಮನಿದೆಯೋ ಎಂದು ತೀರ್ಮಾನವಾಗುತ್ತದೆ.

ಕೆತ್ತಿದವರು ಹೆಚ್ಚಿನವರು ವಲಸೆ ಬಂದವರು. ಫಿಲಡೆಲ್ಫಿಯಾದಲ್ಲಿ ಜರ್ಮನಿಯಿಂದ ಬಂದ ಗುಸ್ತಾವ್ ಡೆಂಟ್ಜೆಲ್‌ನ ಕಾರ್ಖಾನೆಯ ಕುದುರೆಗಳನ್ನು ಲಾಯದಿಂದ ಹೊರಗೆ ಕಟ್ಟಿದಂತಿವೆ ಎನ್ನಬಹುದು, ಸ್ನಾಯು ನರಗಳೆಲ್ಲ ಅಷ್ಟು ನಿಜ. ನ್ಯೂಯಾರ್ಕಿನ ಕಡಲತೀರದ ಮೋಜಿನ ತಾಣವಾದ ಕೋನಿ ಐಲೆಂಡಿನವರದು ಬೇರೆಯೇ ಗತ್ತು. ಅಲ್ಲಿ ಮೊದಲ ಕ್ಯಾರೊಸೆಲ್ ನಿಲ್ಲಿಸಿದವನು ಚಾರ್ಲ್ಸ್ ಲೂಫ್, 1876ರಲ್ಲಿ. ಅವನ ನಂತರ ಮಾರ್ಕಸ್ ಇಲಿಯನ್ಸ್ ಬಂದು ಕುದುರೆಯ ಕೇಸರಕ್ಕೆ ಚಿನ್ನದ ರೇಕು ಹೊದಿಸಿ, ಬಾಯಿ ತೆರೆಸಿ, ಗಾಜಿನ ಹರಳು ಪೋಣಿಸಿ, ಬಯಲಾಟದ ವೇಷದಂತೆ ನಿಲ್ಲಿಸಿದ. ಪೂರ್ವ ಯುರೋಪಿನ ಯೆಹೂದಿ ಕೆತ್ತನೆಗಾರರು ಕೆಲವರು ತಮ್ಮ ಪ್ರಾರ್ಥನಾ ಮಂದಿರದ ಪವಿತ್ರ ಕಪಾಟಿನ ಮೇಲೆ ಸಿಂಹ ಕೆತ್ತಿದ ಕೈಯಲ್ಲೇ ಈ ಕುದುರೆಗಳನ್ನೂ ಕೆತ್ತಿದರು. ಆ ಎರಡನ್ನೂ ಒಟ್ಟಿಗಿಟ್ಟು 2007ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಫೋಕ್ ಆರ್ಟ್ ಮ್ಯೂಸಿಯಂ ಪ್ರದರ್ಶನ ಮಾಡಿತ್ತು. ದೇವರ ಮನೆಯಿಂದ ಜಾತ್ರೆಗೆ ಒಂದೇ ಉಳಿ. ನಮಗಿದು ಹೊಸದೇನಲ್ಲ.

ಕಾನ್ಸಸ್‌ನ ಸಿ. ಡಬ್ಲ್ಯು. ಪಾರ್ಕರ್‌ನ ಕುದುರೆಗಳನ್ನು ಕಲಾಪ್ರಿಯರು ಸ್ವಲ್ಪ ಕೀಳಾಗಿ ನೋಡುತ್ತಾರೆ. ಅವು ಊರೂರು ಸುತ್ತುವ ಕುದುರೆಗಳು. ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿ ಮೈ ತೆಳ್ಳಗೆ ಮಾಡಿದ್ದರಿಂದ ಗಾಡಿಯಲ್ಲಿ ಒಂದರ ಮೇಲೊಂದು ಪೇರಿಸಬಹುದಿತ್ತು. ಜೀನಿನ ಹಿಂದೆ ಆ ಸೀಮೆಯ ಜೋಳದ ತೆನೆ, ಸೂರ್ಯಕಾಂತಿ. ನನಗೆ ಇದು ಇಲಿಯನ್ಸ್‌ನ ಚಿನ್ನಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಹಿಡಿಸುತ್ತದೆ. ಗಾಡಿಯ ಅಳತೆಯೇ ಕುದುರೆಗೆ ನಾಗಾಲೋಟ ಕಲಿಸಿದ್ದು!

1930ರ ದಶಕದ ಮಹಾ ಆರ್ಥಿಕ ಕುಸಿತದೊಂದಿಗೆ ಈ ಕೆಲಸ ಬಹುಮಟ್ಟಿಗೆ ನಿಂತಿತು. ಆಮೇಲೆ ಬಂದದ್ದು ಅಲ್ಯೂಮಿನಿಯಂ, ಫೈಬರ್‌ಗ್ಲಾಸ್. ಹಳೆಯ ಮರದ ಕುದುರೆಯಿಂದಲೇ ಅಚ್ಚು ತೆಗೆದು ಎರೆದವೂ ಉಂಟು. ಎಡಮೈಯ ಬೋಳುತನವೂ ಅಚ್ಚಿನ ಜೊತೆಗೇ ಬಂದಿರುತ್ತದೆ. ಅಚ್ಚಿಗೆ ಕೈ ನೋಯುವುದಿಲ್ಲ, ಆದರೂ ಉಳಿತಾಯ.

ನನ್ನ ಜಗಳವಿರುವುದು ಅಚ್ಚಿನವರ ಜೊತೆಗಲ್ಲ, ಬಿಡಿ ಕುದುರೆ ಕೊಂಡು ಹಜಾರದಲ್ಲಿ ನಿಲ್ಲಿಸಿಕೊಳ್ಳುವವರ ಜೊತೆ. ಸಂಗ್ರಾಹಕರ ಬೆಲೆ ಏರಿದಂತೆ ಎಷ್ಟೋ ಕ್ಯಾರೊಸೆಲ್‌ಗಳನ್ನು ಬಿಚ್ಚಿ ಕುದುರೆಗಳನ್ನು ಒಂದೊಂದಾಗಿ ಮಾರಿದರು. ಗೋಡೆಗೆ ಒತ್ತಿ ನಿಲ್ಲಿಸಿದ ಕುದುರೆಯ ಎಡಮೈ ಗೋಡೆಗೇ ಹೋಗುತ್ತದೆ. ಅದು ಅರ್ಧ ಕುದುರೆ. ಎಡಮಗ್ಗುಲು ಬೇಕಾಗುವುದು ಸುತ್ತುವಾಗ, ಪಕ್ಕದ ಸಾಲಿನವನ ಕಣ್ಣಿಗೆ, ಮೇಲೆ ಕುಳಿತ ಮಗುವಿನ ಮೊಣಕಾಲಿಗೆ.

ಬ್ರೂಕ್ಲಿನ್‌ನ ಈ ಕುದುರೆಗಳಿಗೂ ಅದೇ ಗತಿ ಕಾದಿತ್ತು. ಫಿಲಡೆಲ್ಫಿಯಾ ಟೊಬಾಗನ್ ಕಂಪನಿ 1922ರಲ್ಲಿ ಓಹಾಯೋದ ಯಂಗ್ಸ್‌ಟೌನ್‌ನ ಐಡೋರಾ ಪಾರ್ಕ್ ಎಂಬ ಮನರಂಜನಾ ಉದ್ಯಾನಕ್ಕೆ ಮಾಡಿಕೊಟ್ಟ ಕ್ಯಾರೊಸೆಲ್ ಇದು. 1984ರಲ್ಲಿ ಪಾರ್ಕಿಗೆ ಬೆಂಕಿ ಬಿತ್ತು, ಅದೇ ವರ್ಷ ಬಾಗಿಲು ಹಾಕಿತು, ಹರಾಜಾಯಿತು. ಡೇವಿಡ್ ಮತ್ತು ಜೇನ್ ವಾಲೆಂಟಸ್ ದಂಪತಿ 3,85,000 ಡಾಲರ್ ಕೊಟ್ಟು ಇಡಿಯಾಗಿ ಕೊಂಡರು. ಆಮೇಲೆ ಜೇನ್ ಒಂದು ಸಣ್ಣ ಚೂಪು ಚಾಕು ಹಿಡಿದು ಕುಳಿತರು. ಪಾರ್ಕಿನವರು ವರ್ಷವರ್ಷ ಬಳಿದ ಬಣ್ಣ ಪದರುಪದರಾಗಿ ಗಟ್ಟಿಕಟ್ಟಿ ಕೆತ್ತನೆಯ ಗೆರೆಗಳನ್ನೇ ಮುಚ್ಚಿತ್ತು. ಅದನ್ನೆಲ್ಲ ಕೆರೆದು ಕೆಳಗಿನ ಮೂಲ ಬಣ್ಣ ಕಂಡಾಗ ಅದನ್ನೇ ಮತ್ತೆ ಹಚ್ಚುತ್ತಾ ಹೋದರು. ವರ್ಷಗಟ್ಟಲೆ ಕೆಲಸ. 2011ರಲ್ಲಿ ಕುದುರೆಗಳು ಮತ್ತೆ ಸುತ್ತತೊಡಗಿದವು. ಮಂಟಪವನ್ನು ವಿನ್ಯಾಸ ಮಾಡಿದವರು ಫ್ರೆಂಚ್ ವಾಸ್ತುಶಿಲ್ಪಿ ಜ್ಯಾಂ ನುವೆಲ್. ಮರುವರ್ಷ ಸ್ಯಾಂಡಿ ಚಂಡಮಾರುತ ಬಂದಾಗ ನದಿಯೇ ಮಂಟಪವನ್ನು ಸುತ್ತುವರಿದಿತ್ತು. ನೀರಿನ ನಡುವೆ ದೀಪ ಉರಿಯುತ್ತಾ ನಿಂತ ಅದರ ಚಿತ್ರವನ್ನು ನಿಮ್ಮಲ್ಲಿಯೂ ಕೆಲವರು ನೋಡಿರಬಹುದು. ಜೇನ್ 2020ರಲ್ಲಿ ತೀರಿಕೊಂಡರು.

ಮೊಮ್ಮಗಳು ಮೂರು ಬಾರಿ ಹತ್ತಿದಳು, ಮೂರು ಬಾರಿಯೂ ಅದೇ ಒಳಸಾಲಿನ ಕುದುರೆ. ನಾನು ಬೇಕೆಂದೇ ಒಳಗಡೆ ನಿಂತು, ಎಡಮೈ ಕಾಣುವಂತೆ ಅವಳ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ನಿಮಿಷದಲ್ಲಿ ಊರಿನಿಂದ ನನ್ನ ತಂಗಿಯ ಉತ್ತರ ಬಂತು: "ಚೆನ್ನಾಗಿದೆ ಅಣ್ಣ, ಆದರೆ ಕುದುರೆ ಖಾಲಿಖಾಲಿಯಾಗಿದೆ. ಆ ಕಡೆಯಿಂದ ತೆಗೆಯಬಾರದಿತ್ತೇ?"