ಹಾರ್ನಿನ ಶಬ್ದಾರ್ಥ

ರಾಯಚೂರಿನಲ್ಲಿ ಹಳೆಯ ಕಾರು ಕೊಳ್ಳುವವನು ಮೈಲೇಜು ಕೇಳುವ ಮೊದಲು ಎಸಿ ಹಾಕಿಸಿ, ಕಿಂಡಿಗೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ನಾನೂ ಹಾಗೆ ನಿಂತು ಕೊಂಡವನೇ. ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ಮುಟ್ಟುವ ಊರಿನಲ್ಲಿ ಕಾರಿಗೆ ಒಂದು ಬಾಗಿಲು ಕಡಿಮೆಯಿದ್ದರೂ ನಡೆದೀತು.

ತೊಂದರೆ ಶುರುವಾದದ್ದು ಮಾರ್ಚಿನಲ್ಲಿ. ಎಸಿ ಹಾಕಿದರೆ ಸಾಕು, ಟೇಪಿನಲ್ಲಿ ವಚನ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹೆಡ್‌ಲೈಟು ಎಣ್ಣೆ ತೀರಿದ ಹಣತೆಯಾಗುತ್ತಿತ್ತು. ಹಾರ್ನ್ ಒತ್ತಿದರೆ ತಾಯಿ ಕಾಣದ ಆಡಿನ ಮರಿಯ ದನಿ ಬರುತ್ತಿತ್ತು. ಎಸಿ ಆರಿಸಿದರೆ ಎಲ್ಲವೂ ಸರಿ. ನಮ್ಮ ಕಚೇರಿಗಳಲ್ಲಿ ಎಸಿ ಸಾಹೇಬರು ಬಂದಾಗ ಉಳಿದವರ ದನಿ ಅಡಗುವುದನ್ನು ಕಂಡಿದ್ದೇನೆ. ಆ ಶಿಸ್ತು ಕಾರಿನೊಳಗೂ ಬರುತ್ತದೆಂದು ತಿಳಿದಿರಲಿಲ್ಲ.

ಒಂದು ಭಾನುವಾರ ಹೆಂಡತಿ ಮತ್ತು ಅತ್ತೆಯವರೊಂದಿಗೆ ದೇವಸೂಗೂರಿನ ಗುಡಿಗೆ ಹೊರಟಿದ್ದೆವು. ಶಕ್ತಿನಗರದ ಚಿಮಣಿಗಳು ಕಾಣತೊಡಗಿದವು ಎನ್ನುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಏಳೆಂಟು ಎಮ್ಮೆಗಳು. ಹಾರ್ನ್ ಒತ್ತಿದೆ. ಕೋಣನ ಮುಂದೆ ಕಿನ್ನರಿ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೇನೆ, ಕಿನ್ನರಿ ಬಾರಿಸುವವನ ಸ್ಥಿತಿ ತಿಳಿದದ್ದು ಅಂದೇ. ಎದುರಿನ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. 1985ರಿಂದ ನಾಡಿಗೆಲ್ಲ ಬೆಳಕು ಕೊಡುತ್ತಿದೆ. ಅದರ ನೆರಳಿನಲ್ಲಿ ನಿಂತ ನನಗೆ ಬೇಕಾಗಿದ್ದದ್ದು ಒಂದು ಹಾರ್ನಿಗೆ ಸಾಲುವ ಸುಮಾರು 60 ವ್ಯಾಟ್. ಕೊನೆಗೆ ನಾನೇ ಕೆಳಗಿಳಿದು, ಹೆಗಲ ಮೇಲಿನ ಟವೆಲು ಬೀಸುತ್ತಾ, ಬಾಯಿಂದಲೇ ಶಬ್ದ ಮಾಡಿ ದಾರಿ ಬಿಡಿಸಿಕೊಂಡೆ. ಅತ್ತೆಯವರು ಹಿಂದಿನ ಸೀಟಿನಿಂದ, "ಇದಕ್ಕೆ ದೃಷ್ಟಿಯಾಗಿದೆ" ಎಂದು ರೋಗ ಹೇಳಿ, ಗುಡಿಯ ಮುಂದೆ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಇದಕ್ಕೆ ತಗಲಿದ ವೆಚ್ಚ 10 ರೂಪಾಯಿ. ಮುಂದೆ ಬಂದ ವೈದ್ಯರಿಗೆ ಹೋಲಿಸಿದರೆ ಅವರದು ಧರ್ಮಾಸ್ಪತ್ರೆ.

ಮೊದಲ ಮೆಕ್ಯಾನಿಕ್ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು, ಪೆಟ್ರೋಲು ಏಕೆ ಹಾಳು ಎಂದು ಎಸಿ ಆರಿಸಿ ಹಾರ್ನ್ ಒತ್ತಿದ. ಅದು ಸಿಂಹದಂತೆ ಗರ್ಜಿಸಿತು. ಮನೆಯಲ್ಲಿ ಮಗ್ಗಿ ಬಾರದ ಹುಡುಗ ತಪಾಸಣೆಗೆ ಬಂದವರ ಮುಂದೆ ಪಟಪಟನೆ ಒಪ್ಪಿಸಿಬಿಟ್ಟಂತಾಯಿತು. ಆದರೂ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬಾರದಲ್ಲ, ಬ್ಯಾಟರಿ ಬದಲಿಸಿದ. 5,800 ರೂಪಾಯಿ. ಎರಡನೆಯವನು ಎಸಿಯ ಗ್ಯಾಸು ಕಡಿಮೆಯಿದೆ ಎಂದು ತುಂಬಿಸಿದ. ಈಗ ಕಾರು ಇನ್ನೂ ತಣ್ಣಗೆ, ಹಾರ್ನು ಇನ್ನೂ ಸಣ್ಣಗೆ. ಮೂರನೆಯವನು ಆಲ್ಟರ್ನೇಟರ್ ಬಿಚ್ಚಬೇಕೆಂದಾಗ ನಾನು ಕಾಲೇಜಿಗೆ ಹೊತ್ತಾಯಿತೆಂದು ಓಡಿ ಬಂದೆ. ಅಂದು ರಜೆಯಿತ್ತು.

ಕೊನೆಗೆ ಗಂಜ್ ಕಡೆಯ ಓಣಿಯೊಂದರಲ್ಲಿ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಸಿಕ್ಕರು. ಅವರು ಮೊದಲು ಬೇರೆ ಯಾರೂ ಮಾಡದ ಕೆಲಸ ಮಾಡಿದರು: ಎಸಿ ಹಾಕಿದರು. ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಇಟ್ಟರು. 14 ವೋಲ್ಟ್, ಏನೂ ತೊಂದರೆಯಿಲ್ಲ. ಆಮೇಲೆ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಕಾರಿನ ತಗಡಿಗೂ ಮುಟ್ಟಿಸಿ, ಹಾರ್ನ್ ಒತ್ತಲು ನನಗೆ ಹೇಳಿದರು. ಕಾಲು ವೋಲ್ಟೂ ಇರಬಾರದ ಜಾಗದಲ್ಲಿ ಮೀಟರು 4 ದಾಟಿತು. ಅವರು ಮೀಟರು ಕೆಳಗಿಟ್ಟು ಗಂಭೀರವಾಗಿ ಹೇಳಿದರು:

"ಸಾರ್, ನಿಮ್ಮದು ಅರ್ಥ ಸರಿಯಿಲ್ಲ."

ಇಪ್ಪತ್ತೆರಡು ವರ್ಷಗಳಿಂದ ಹಳಗನ್ನಡ ಪದ್ಯಗಳಿಗೆ ಅರ್ಥ ಹೇಳಿಯೇ ಸಂಬಳ ಎಣಿಸುತ್ತಿರುವವನು ನಾನು. ಗ್ಯಾರೇಜಿನಲ್ಲಿ ನಿಲ್ಲಿಸಿ ಈ ಮಾತು ಹೇಳಿದರೆ ಹೇಗಾಗಬೇಡ? "ಯಾವ ಅರ್ಥ?" ಎಂದೆ, ದನಿಯನ್ನು ಆದಷ್ಟು ತಗ್ಗಿಸಿ.

"ಬಾಡಿ ಅರ್ಥ."

ವಾಚ್ಯಾರ್ಥ, ಗೂಢಾರ್ಥ ಕೇಳಿದ್ದೆ, ಇದು ಹೊಸದು. ಅವರೇ ಬಿಡಿಸಿ ಹೇಳಿದರು. ಕರೆಂಟು ಬ್ಯಾಟರಿಯಿಂದ ಹೊರಟರೆ ಸಾಲದು, ಮರಳಿ ಮನೆ ಸೇರಬೇಕು. ಕಾರಿನಲ್ಲಿ ಅದು ಮರಳುವುದು ತಗಡಿನ ಮೈಯಿಂದ, ಅಲ್ಲಿಂದ ಒಂದು ದಪ್ಪ ಅರ್ಥ್ ತಂತಿಯ ಮೂಲಕ. ಆ ತಂತಿಯ ಬೋಲ್ಟು ತಗಡನ್ನು ಸರಿಯಾಗಿ ಕಚ್ಚಿರಲಿಲ್ಲ. ಹಾರ್ನ್ ಒಂದೇ ಆದರೆ ಹೇಗೋ ನುಸುಳಿಕೊಳ್ಳುತ್ತದೆ. ಎಸಿಯ ಗಾಳಿಯಂತ್ರವೂ ರೇಡಿಯೇಟರ್ ಫ್ಯಾನೂ ಜೊತೆಗೂಡಿದರೆ, ನಮ್ಮೂರಿನ ತೀನ್ ಕಂದೀಲ್ ವೃತ್ತದ ಸಂದಣಿಗೆ ಎರಡು ಲಾರಿ ನುಗ್ಗಿದಂತೆ. ಹಾರ್ನ್ ಎಂಬ ಸೈಕಲ್ಲಿಗೆ ದಾರಿಯೆಲ್ಲಿ? ಎಂಜಿನ್ನಿಗೆ ಮಾತ್ರ ಬೇರೆಯೇ ಅರ್ಥ್ ತಂತಿ ಇತ್ತು, ಆದ್ದರಿಂದ ಕಾರು ಪ್ರತಿದಿನ ಒಂದೇ ತಿರುವಿಗೆ ಶುರುವಾಗಿ ಎಲ್ಲರ ದಾರಿ ತಪ್ಪಿಸಿತ್ತು.

ಶಬ್ದ ಕೆಟ್ಟಿದೆಯೆಂದು ನಾನು ಎರಡು ತಿಂಗಳು ಶಬ್ದದ ಹಿಂದೆಯೇ ಅಲೆದಿದ್ದೆ. ಕೆಟ್ಟದ್ದು ಅರ್ಥ!

ಅವರು ಬೋಲ್ಟು ಬಿಚ್ಚಿದರು. ಕೆಳಗೆ ತಗಡಿನ ಬದಲು ಹೊಳೆಯುವ ಬಿಳಿ ಬಣ್ಣ. "ಬಣ್ಣದ ಮೇಲೆ ಬೋಲ್ಟು ಬಿಗಿದರೆ ಕರೆಂಟು ಹೇಗೆ ಹರಿಯುತ್ತದೆ? ಯಾವ ಪುಣ್ಯಾತ್ಮ ಬಳಿದದ್ದು?"

ನಾನು ಆಕಾಶ ನೋಡಿದೆ. ದೀಪಾವಳಿಯ ಹೊತ್ತಿಗೆ ಕಾಲೇಜಿನ ಗೇಟಿಗೆ ಮೂಗು ತಾಗಿಸಿ ತಗ್ಗು ಮಾಡಿಕೊಂಡಿದ್ದೆ. ಬಣ್ಣ ಹೊಡೆಯುವ ಹುಡುಗನ ತಲೆಯ ಮೇಲೆಯೇ ನಿಂತು, "ಬಾನೆಟ್ಟಿನ ಒಳಗೂ ಎಳ್ಳಿನಷ್ಟು ಜಾಗ ಬಿಡಬೇಡ, ದುಡ್ಡು ಕೊಡುತ್ತಿಲ್ಲವೇ?" ಎಂದು ಚೌಕಾಸಿ ಮಾಡಿದ್ದೆ. ಆ ಹುಡುಗ ಮಾತು ಉಳಿಸಿಕೊಂಡಿದ್ದ. ರಾಯಚೂರಿನ ನಾಲ್ಕು ದಿನದ ಚಳಿಯಲ್ಲಿ ಎಸಿ ಹಾಕದೆ ಇದ್ದುದರಿಂದ ಅವನ ಪ್ರಾಮಾಣಿಕತೆ ಬೆಳಕಿಗೆ ಬಂದಿರಲಿಲ್ಲ.

ಉಪ್ಪುಕಾಗದದಿಂದ ತಿಕ್ಕಿ, ಬೋಲ್ಟು ಬಿಗಿದು, 150 ರೂಪಾಯಿ ಕೇಳಿದರು. ಅರ್ಥವೆಂದರೆ ಹಣ ಎಂದೂ ನಿಘಂಟು ಹೇಳುತ್ತದೆ, 200 ಕೊಟ್ಟೆ.

ಮುಂದಿನ ಭಾನುವಾರ ಮತ್ತೆ ದೇವಸೂಗೂರಿನ ದಾರಿ. ಎಸಿ ಪೂರ್ತಿ, ವಚನ ಕೊನೆಯವರೆಗೂ ಹಾಡಿತು. ಅದೇ ತಿರುವು, ಅವೇ ಎಮ್ಮೆಗಳು. ಎರಡು ತಿಂಗಳ ಬಾಕಿಯನ್ನೆಲ್ಲ ಸೇರಿಸಿ ಹಾರ್ನ್ ಒತ್ತಿದೆ. ನಿದ್ದೆಗಣ್ಣಿನಲ್ಲಿದ್ದ ಅತ್ತೆಯವರು ಎದೆ ಹಿಡಿದುಕೊಂಡು ಎದ್ದು ಕುಳಿತರು. "ನೋಡಿದಿರಾ ನಿಂಬೆಹಣ್ಣಿನ ಮಹಿಮೆ!" ಎಂದರು. ಎಮ್ಮೆಗಳು ಅಲುಗಲಿಲ್ಲ. ನಾನು ಟವೆಲು ಹುಡುಕತೊಡಗಿದೆ.